ಬೆಲ್ಲ-ನೀರು ಆಮೇಲೆ, ಮಾತು ಮೊದಲು

ಬೆಳಗಿನ ಆರೂಕಾಲು. ಕಡಬ ಬಳಿಯ ಕೋಡಿಂಬಾಳದ ರಬ್ಬರ್ ತೋಟದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಣೆಗೆ ಟಾರ್ಚು ಕಟ್ಟಿಕೊಂಡ ಅಲ್ಫೋನ್ಸಾ ಮರದಿಂದ ಮರಕ್ಕೆ ಹೋಗಿ ತೊಗಟೆ ಕೆತ್ತುತ್ತಿದ್ದಾರೆ. ಅವರ ಬೆನ್ನ ಹಿಂದೆಯೇ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಐವತ್ತೆಂಟರ ವಾಸಂತಿ ನಡೆಯುತ್ತಿದ್ದಾರೆ. ರಬ್ಬರಿಗೂ ಇವರಿಗೂ ಸಂಬಂಧವಿಲ್ಲ. ಪುತ್ತೂರಿನ ದರ್ಬೆಯಿಂದ ಮೊದಲ ಬಸ್ಸು ಹಿಡಿದು ಬಂದದ್ದು ಒಂದು ಮಾತು ಕೇಳಲಿಕ್ಕೆ: ನಿಮ್ಮ ಮನೆಗೆ ನುಗ್ಗಿದ ಕಳ್ಳನ ಎದುರು ಒಮ್ಮೆ ಕೂರುತ್ತೀರಾ?

ಹೀಗೆ ಬಂದದ್ದು ಇದು ಏಳನೇ ಸಲ. ಹಿಂದಿನ ಆರು ಸಲವೂ ಸಿಕ್ಕಿದ್ದು "ಬೇಡ" ಎಂಬ ಒಂದೇ ಉತ್ತರ.

"ಕೂತು ಮಾತಾಡಿದ್ರೆ ಜನ ಮರ್ಯಾದೆಗೆ ಮಾತಾಡುದು ಮಾರಾಯ್ರೆ," ಎಂದು ವಾಸಂತಿ, ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನನಗೆ ಪಿಸುಗುಡುತ್ತಾರೆ. "ಕೈಯಲ್ಲಿ ಕೆಲಸ ಇದ್ರೆ ಹೊಟ್ಟೆಯೊಳಗೆ ಇದ್ದದ್ದು ಬರ್ತದೆ. ಅದಕ್ಕೆ ನಾನು ಕೆಲಸದ ಹೊತ್ತಿಗೇ ಹೋಗುದು."

ತೋಟದ ಅರ್ಧ ದಾಟಿದ ಮೇಲೆ ಅಲ್ಫೋನ್ಸಾ ತಿರುಗಿ ನಿಲ್ಲುತ್ತಾರೆ. "ಬರ್ತೇನೆ ವಾಸಂತಿಯಕ್ಕ. ಒಂದೇ ಪ್ರಶ್ನೆ ಕೇಳ್ಲಿಕ್ಕೆ. ಕ್ಷಮಿಸಿ ಗಿಮಿಸಿ ಅಂತ ನನ್ನತ್ರ ಹೇಳ್ಬಾರ್ದು."

ಕಳ್ಳ ಹೊರಗಿನವನಲ್ಲ. ಸಂಪಾಜೆ ಕಡೆಯ ತೀರ್ಥರಾಮ ಅಲ್ಫೋನ್ಸಾರ ಇದೇ ತೋಟದಲ್ಲಿ ಮೂರು ವರ್ಷ ರಬ್ಬರ್ ಹಾಲು ಇಳಿಸುವ ಟ್ಯಾಪಿಂಗ್ ಮಾಡಿದವ. ಭಾನುವಾರ ಮನೆಮಂದಿ ಚರ್ಚಿಗೆ ಹೋಗುವ ಹೊತ್ತು ಅವನಿಗೆ ಗೊತ್ತಿತ್ತು. ಅಡುಗೆಮನೆಯ ಬಾಗಿಲು ಮುರಿದು ಚಿನ್ನದ ಸರ ಒಯ್ದ, ನಾಲ್ಕೇ ದಿನದಲ್ಲಿ ಸಿಕ್ಕಿಬಿದ್ದ. ಸರ ವಾಪಸು ಬಂತು. ಅವನು ತಪ್ಪೊಪ್ಪಿಕೊಂಡ. ಮೊದಲ ಅಪರಾಧವೆಂದು ನ್ಯಾಯಾಲಯ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತು. ಕಾಗದದ ಪ್ರಕಾರ ಕಥೆ ಅಲ್ಲಿಗೆ ಮುಗಿದಿದೆ.

ಆದರೆ ಆ ದಿನ ಮನೆಯೊಳಗೆ ಒಬ್ಬರು ಇದ್ದರು. ಅಲ್ಫೋನ್ಸಾರ ಅತ್ತೆ, ಎಲ್ಲರೂ ಅಮ್ಮಚ್ಚಿ ಎನ್ನುತ್ತಿದ್ದವರು, ಪಾರ್ಶ್ವವಾಯು ಬಡಿದು ಕೈಕಾಲು, ಮಾತು ಎರಡೂ ಬಿದ್ದು ಹಾಸಿಗೆ ಹಿಡಿದಿದ್ದರು. ಅವರು ಏನು ನೋಡಿದರೋ ಹೇಳಲಾಗದೆ ಮೂರು ತಿಂಗಳಿಗೆ ತೀರಿಕೊಂಡರು. ಕಳವಾದ ದಿನದಿಂದ, ಹದಿನಾಲ್ಕು ತಿಂಗಳಾಯಿತು, ಅಲ್ಫೋನ್ಸಾ ಒಂದು ಭಾನುವಾರವೂ ಚರ್ಚಿಗೆ ಹೋಗಿಲ್ಲ. ಚರ್ಚಿಗೆಂದು ಹೊರಟರೆ ಗೇಟಿನ ತನಕ ಹೋಗಿ ಕಾಲು ವಾಪಸು ಬರುತ್ತದಂತೆ.

ಹೀಗೆ ಮುಚ್ಚಳಿಕೆಯ ಮೇಲೆ ಹೊರಬಂದವರ ಮೇಲೆ ಕಣ್ಣಿಡುವ ಸ್ವಯಂಸೇವಕಿ ವಾಸಂತಿ. ತಿಂಗಳಿಗೊಮ್ಮೆ ಹೋಗಿ ವರದಿ ಬರೆದುಕೊಟ್ಟರೆ ಇವರ ಕೆಲಸ ಮುಗಿಯಿತು. ಅಲ್ಲಿಗೆ ನಿಲ್ಲುವ ಜೀವವಲ್ಲ ಇದು. ತಪ್ಪು ಮಾಡಿದವನನ್ನೂ ಪೆಟ್ಟು ತಿಂದವರನ್ನೂ, ಇಬ್ಬರೂ ಒಪ್ಪಿದರೆ ಮಾತ್ರ, ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಹನ್ನೊಂದು ವರ್ಷದಲ್ಲಿ ಇಂಥ ನಲವತ್ತಮೂರು ಕೂಟ. ಹನ್ನೆರಡರಲ್ಲಿ ಯಾರೋ ಒಬ್ಬರು ನಡುವೆಯೇ ಎದ್ದು ಹೋಗಿದ್ದಾರೆ. ಐವರು ಮತ್ತೆ ತಪ್ಪು ಮಾಡಿ ಜೈಲು ಸೇರಿದ್ದಾರೆ. "ಆ ಐದು ಹೆಸರು ಬಾಯಿಪಾಠ ಉಂಟು. ಸರಿಯಾದವ್ರದ್ದು ಮರ್ತು ಹೋಗ್ತದೆ," ಎನ್ನುತ್ತಾರೆ.

ನನಗಂತೂ ಇದು ಸುಲಭಕ್ಕೆ ಗಂಟಲಲ್ಲಿ ಇಳಿಯಲಿಲ್ಲ. ಕದ್ದವನಿಗೆ ಶಿಕ್ಷೆ ಬಿಟ್ಟು ಮಾತುಕತೆಯ ಉಪಚಾರ ಯಾಕೆ ಎಂದು ಬಸ್ಸಿನಲ್ಲೇ ಕೆಣಕಿದೆ. ವಾಸಂತಿ ಕಿಟಕಿಯ ಕಡೆ ಮುಖ ಮಾಡಿ ಅಣ್ಣ ಗುರುವಪ್ಪನ ವಿಷಯ ತೆಗೆದರು. ಗಡಿಯ ಜಗಳದಲ್ಲಿ ನೆರೆಯವನ ಕೈಗೆ ಕತ್ತಿ ಬೀಸಿ ಗುರುವಪ್ಪ ಜೈಲಿಗೆ ಹೋದವರು. "ಬಂದ ಮೇಲೆ ಆರು ವರ್ಷ ಬದುಕಿದ್ದ. ದಿನಾ ಆ ಮನೆ ಕಡೆ ನೋಡುದು, ಒಳಗೆ ಬರುದು. ಹೋಗಿ ಒಂದು ಮಾತು ಹೇಳ್ಬೇಕಂತ ಇತ್ತು ಅವನಿಗೆ. ಕರ್ಕೊಂಡು ಹೋಗುವ ಜನ ಇರ್ಲಿಲ್ಲ. ನಾನು ಇದ್ದೆ. ನನಗೂ ಧೈರ್ಯ ಬರ್ಲಿಲ್ಲ."

ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ ಕಡಬದ ಯುವಕ ಮಂಡಲದ ಕೋಣೆ. ವಾಸಂತಿ ಕುರ್ಚಿ ಹಾಕುತ್ತಾರೆ, ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಕೋಣೆ ನೋಡಿಕೊಳ್ಳುವ ಅದ್ದು ಎಂಬವರು ಊರ ರೂಢಿಯಂತೆ ಬಂದವರಿಗೆಂದು ಬೆಲ್ಲ, ನೀರು ತಂದಿಟ್ಟರೆ ವಾಸಂತಿ ತಟ್ಟೆಯನ್ನೇ ಎತ್ತಿ ಆಚೆ ಇಡುತ್ತಾರೆ. ಇದು ಪೆಟ್ಟು ತಿಂದು ಕಲಿತ ಪಾಠ. ಪುತ್ತೂರಿನಲ್ಲಿ ರುಕಿಯಾ ಎಂಬವರಿಗೆ ಬೈಕ್ ಗುದ್ದಿ ಓಡಿಹೋದವನ ಮನೆಯಲ್ಲೇ ಮೊದಲು ಮಾತುಕತೆ ಇಟ್ಟಿದ್ದರು. ಹೊಸ್ತಿಲು ದಾಟಿದೊಡನೆ ಮನೆಯವರು ಬೆಲ್ಲ-ನೀರು ಕೊಟ್ಟರು. "ಕುಡಿದಾಯ್ತಲ್ಲ, ಇನ್ನು ಬೈಯುದು ಹೇಗೆ? ಎಂತ ತೊಂದ್ರೆ ಇಲ್ಲ ಅಂತ ಹೇಳಿ ಬಂದ್ರು ಪಾಪ. ಮೂರು ವಾರ ಕಳ್ದು ಪೇಟೆಯಲ್ಲಿ ಅವನನ್ನು ಕಂಡು ಚಪ್ಪಲಿ ತೆಗ್ದ್ರು! ತಪ್ಪು ರುಕಿಯಾಂದಲ್ಲ, ನಂದು."

ಮೊದಲೇ ಒಪ್ಪಿದ್ದ ತೀರ್ಥರಾಮ ಬಂದು ತಲೆ ತಗ್ಗಿಸಿ ಕೂತಿದ್ದಾನೆ. ಅಲ್ಫೋನ್ಸಾ ಕೂರುವ ಮೊದಲೇ ಕೇಳುತ್ತಾರೆ: "ಅಮ್ಮಚ್ಚಿಗೆ ಎಂತ ಮಾಡಿದ್ದು ನೀನು?"

ವಾಸಂತಿ ಸೆರಗಿನ ತುದಿ ತಿರುಚುತ್ತಾರೆ.

"ಅಮ್ಮಚ್ಚಿ ನನ್ನನ್ನೇ ನೋಡ್ತಿದ್ರು ಚೇಚಿ," ತೀರ್ಥರಾಮ ಹಿಂದಿನಂತೆಯೇ ಅಕ್ಕನೆಂದು ಕರೆಯುತ್ತಾನೆ. "ಗುರುತು ಸಿಕ್ಕಿತ್ತು. ಆ ಕಣ್ಣು ನೋಡ್ಲಿಕ್ಕಾಗದೆ ಮುಖದ ಮೇಲೆ ಹೊದಿಕೆ ಎಳೆದೆ. ಬಾಗಿಲ ತನಕ ಹೋದೆ. ಅವರಿಗೆ ತೆಗೀಲಿಕ್ಕೆ ಆಗುದಿಲ್ಲಲ್ಲ ಅಂತ ಆಯ್ತು. ವಾಪಸು ಬಂದು ಹೊದಿಕೆ ಎಳೆದು ಕೆಳಗೆ ಹಾಕಿದೆ. ಓಡಿದೆ."

ಅಲ್ಫೋನ್ಸಾ ಅವನ ಎದುರು ಬಂದು ನಿಲ್ಲುತ್ತಾರೆ. "ಹೊದಿಕೆ ನೆಲದಲ್ಲಿತ್ತು. ಚಳಿಯಲ್ಲಿ ನಡುಗ್ತಿದ್ರು. ಆಮೇಲೆ ಶುರುವಾದ ಕಫ ಬಿಡ್ಲೇ ಇಲ್ಲ. ನಾನು ಸರಿಯಾಗಿ ಹೊದಿಸದೆ ಚರ್ಚಿನ ಪೂಜೆಗೆ ಓಡಿದೆ ಅಂತ, ನಾನೇ ಕೊಂದೆ ಅಂತ ಇಷ್ಟು ದಿನ..." ಮುಂದಿನದು ಬೈಗುಳ, ಮಲಯಾಳದಲ್ಲಿ, ಒಂದೇ ಉಸಿರಿಗೆ. ತೀರ್ಥರಾಮ ಅಳುತ್ತಾನೆ. ಯಾರೂ ಸಮಾಧಾನ ಮಾಡುವುದಿಲ್ಲ. ನನ್ನ ಕಣ್ಣೂ ಒದ್ದೆಯಾಗುತ್ತದೆ, ಅವನ ಮೇಲೆ ಸಿಟ್ಟೂ ಬರುತ್ತದೆ. ಕೊನೆಗೆ ಏನು ಮಾಡಬೇಕೆಂದು ಅವನೇ ಕೇಳುತ್ತಾನೆ.

"ಆದಿತ್ಯವಾರ ಬಾ," ಎನ್ನುತ್ತಾರೆ ಅಲ್ಫೋನ್ಸಾ. "ಅಂಗಳದಲ್ಲಿ ಕೂತ್ಕೋ. ಮನೆ ಕಾಯಿ. ನಾನು ಪೂಜೆಗೆ ಹೋಗ್ಬೇಕು." ಯಾರ ಉತ್ತರಕ್ಕೂ ಕಾಯದೆ ಹೊರಟು ಹೋಗುತ್ತಾರೆ.

ಆಮೇಲಿನ ಮೂರು ದಿನ ವಾಸಂತಿಗೆ ನಿದ್ದೆಯಿಲ್ಲ. ಅವನು ಬಾರದಿದ್ದರೆ? ಬಂದು ಮತ್ತೇನಾದರೂ ಎಡವಟ್ಟಾದರೆ ಆರನೇ ಹೆಸರು. ಭಾನುವಾರ ಬೆಳಗ್ಗೆ ತಡೆಯಲಾಗದೆ ನಾನೇ ಫೋನ್ ಮಾಡುತ್ತೇನೆ. ಅವರು ಕೋಡಿಂಬಾಳದ ರಸ್ತೆಯ ತಿರುವಿನಲ್ಲಿ, ಮನೆ ಕಾಣುವಷ್ಟು ದೂರದಲ್ಲಿ ನಿಂತಿದ್ದಾರೆ.

"ಏಳು ಗಂಟೆಗೇ ಬಂದು ಕೂತಿದ್ದಾನೆ. ಅಲ್ಫೋನ್ಸಾ ಈಗ ಹೋದ್ರು."

ಬಾಗಿಲಿಗೆ ಬೀಗ ಹಾಕಿದ್ದಾರೆಯೇ ಎಂದು ಕೇಳದೆ ಇರಲಾಗಲಿಲ್ಲ.

"ಎರಡೆರಡು ಹಾಕಿದ್ದಾರೆ," ವಾಸಂತಿ ನಗುತ್ತಾರೆ. "ಹಾಕ್ಲಿ ಮಾರಾಯ್ರೆ. ಹಾಕಿದ್ರೂ ಗೇಟು ದಾಟಿ ಹೋದ್ರಲ್ಲ. ನನಗೆ ಅಷ್ಟು ಸಾಕು."