ಮೂರು ಸಲ ಜಗ್ಗಿದ ಬೀಗ

ಬೀಗದಣ್ಣನ ಬಾಯಿ ಅವನು ಮಾರುವ ಬೀಗಗಳಂತಲ್ಲ, ಒಮ್ಮೆ ತೆರೆದರೆ ಮುಚ್ಚುವ ಮಾತೇ ಇರಲಿಲ್ಲ. ಮೂರು ಹೆಜ್ಜೆ ಅಗಲದ ಅಂಗಡಿ. ಗೋಡೆ ತುಂಬ ಕೀಲಿಕೈ, ಮೇಜಿನ ಮೇಲೆ ಅರ, ಮೂಲೆಯ ಸ್ಟೂಲಿನಲ್ಲಿ ಶಾಲೆ ಬಿಟ್ಟ ಮೇಲೆ ಬಂದು ಹೋಂವರ್ಕ್ ಮಾಡುವ ಒಂಬತ್ತು ವರ್ಷದ ಮಗಳು. ಗಿರಾಕಿ ಬಂದರೆ ಸಾಕು, ಕಥೆ ಶುರು.

"ನಮ್ಮ ಹಿಂದಿನ ಬೀದೀಲಿ ಒಂದು ಮನೆ. ಹಳೇ ಬೀಗ. ಗಂಡ ಹೆಂಡತಿ ಹತ್ತೇ ನಿಮಿಷ ಹೊರಗೆ ಹೋಗಿದ್ರು. ವಾಪಸ್ ಬಂದ್ರೆ ಒಂದು ಸೂಜೀನೂ ಬಿಟ್ಟಿಲ್ಲ!"

ಗಿರಾಕಿಯ ಮುಖ ಬಿಳಿಚಿಕೊಂಡಾಗ ದೊಡ್ಡ ಬೀಗವೊಂದನ್ನು ತೆಗೆದು, ಮೂರು ಸಲ ಜಗ್ಗಿ ತೋರಿಸಿ, "ಇನ್ನು ನಿಶ್ಚಿಂತೆಯಾಗಿರಿ" ಎನ್ನುತ್ತಿದ್ದ. ಆ ಕಥೆಗೆ ವರ್ಷವರ್ಷವೂ ಹೊಸ ಒಗ್ಗರಣೆ ಬೀಳುತ್ತಿತ್ತು.

ಹೀಗಿರುವಾಗ ಮಗಳು ಶಾಲೆಗೆ ತಡವಾಗಿ ಹೋಗತೊಡಗಿದಳು. ಬೀದಿಯ ತಿರುವಿನವರೆಗೆ ಹೋಗುವುದು, ಓಡಿ ಬಂದು ಮನೆಯ ಬೀಗ ಜಗ್ಗುವುದು. ಮತ್ತೆ ಹೋಗುವುದು, ಮತ್ತೆ ಬರುವುದು. ಕೆಲಸಕ್ಕೆ ಹೊರಟ ಅಮ್ಮ ಗದರಿದರೆ ಹೊಟ್ಟೆನೋವು ಎನ್ನುವುದು. ಬೀಗದಣ್ಣನೋ ಗಿರಾಕಿಗಳೆದುರೇ, "ನೋಡಿ, ನಮ್ಮನೆ ವಾಚ್‌ಮನ್ನು!" ಎಂದು ಗೇಲಿ ಮಾಡಿದ. ಎಲ್ಲರೂ ನಕ್ಕರು. ಮಗಳು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡಳು. ಆ ನಗುವನ್ನು ನೆನೆದರೆ ಅವನಿಗೆ ಇಂದಿಗೂ ಮೈ ಹಿಡಿಯಾಗುತ್ತದೆ.

ಕೊನೆಗೆ ಟೀಚರ್ ಕರೆಸಿದರು. "ಪಾಠದ ಮಧ್ಯೆ ಎದ್ದು ಮನೆಗೆ ಹೋಗ್ತೀನಿ ಅಂತಾಳೆ. ಬೈಬೇಡಿ, ಅಣಕಿಸಲೂಬೇಡಿ. ಏನು ಭಯ ಅಂತ ಕೇಳಿ. ಅವಳು ಹೇಳೋದನ್ನ ಪೂರ್ತಿ ಕೇಳಿಸ್ಕೊಳ್ಳಿ."

ಮರುದಿನ ಅಪ್ಪ ಮಗಳು ಒಟ್ಟಿಗೆ ಹೊರಟರು. ತಿರುವಿನಲ್ಲಿ ಅವಳ ಕಾಲು ನಿಂತಿತು. ಅವನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ.

"ಏನಾಗುತ್ತೆ ಅಂತ ಭಯ, ಪುಟ್ಟಿ?"

"ಹತ್ತೇ ನಿಮಿಷ ಸಾಕಲ್ವಾಪ್ಪಾ? ಒಂದು ಸೂಜೀನೂ ಬಿಡಲ್ಲ."

ಅವನದೇ ಮಾತು, ಅವನದೇ ರಾಗ. ಬೀಗದಣ್ಣ ನಾಚಿಕೆಯಿಂದ ಭೂಮಿಗಿಳಿದುಹೋದ. ಊರಿಗೆಲ್ಲ ಬೀಗ ಹಾಕಿಕೊಟ್ಟವನಿಗೆ ಮೂಲೆಯಲ್ಲಿ ಎರಡು ಕಿವಿ ತೆರೆದಿರುವುದೇ ಮರೆತುಹೋಗಿತ್ತು.

"ಆ ಮನೆ ಇಲ್ಲಮ್ಮ. ಆ ಗಂಡ ಹೆಂಡತೀನೂ ಇಲ್ಲ. ಬೀಗ ಮಾರೋಕೆ ನಾನು ಕಟ್ಟಿದ ಕಥೆ. ನಿನ್ನ ಹೆದರಿಸಿದ್ದೂ ನಾನೇ, ನಿನ್ನ ನೋಡಿ ನಕ್ಕಿದ್ದೂ ನಾನೇ. ತಪ್ಪಾಯ್ತು ಪುಟ್ಟಿ."

ಅವಳು ಒಮ್ಮೆ ಮನೆಯ ಕಡೆ ತಿರುಗಿ ನೋಡಿದಳು, ಆದರೆ ಓಡಲಿಲ್ಲ. ಶಾಲೆಯ ಗೇಟಿನಲ್ಲಿ ಅಪ್ಪನ ಬೆರಳು ಬಿಡುವ ಮುಂಚೆ ಕೇಳಿದಳು:

"ನಿನ್ನ ಕಥೆ ಕೇಳಿದೋರೆಲ್ಲ ಈಗ್ಲೂ ಅರ್ಧ ದಾರಿಯಿಂದ ವಾಪಸ್ ಓಡ್ತಿರ್ತಾರಾ? ಪಾಪ, ಅವ್ರಿಗೆ ಯಾರಪ್ಪಾ ಹೇಳ್ತಾರೆ?"

ಅಂಗಡಿಯ ಮುಂದೆ ಅವನು ಕೀಲಿ ಹಿಡಿದು, ಬೀಗ ತೆಗೆಯದೆ ನಿಂತಿದ್ದ. ಹಳೆಯ ಗಿರಾಕಿಯೊಬ್ಬರು ಬಂದು, "ಏನಣ್ಣ, ನಿನ್ನ ಬೀಗ ನಿನಗೇ ತೆಗೆಯೋಕೆ ಬರ್ತಿಲ್ವಾ?" ಎಂದು ನಕ್ಕರು.

ಬೀಗದಣ್ಣ ತಲೆ ಎತ್ತಲಿಲ್ಲ.

"ನಿಮಗೊಂದು ಮನೆ ಕಥೆ ಹೇಳಿದ್ದೆ, ನೆನಪಿದ್ಯಾ?" ಎಂದ. "ಅದು ಸುಳ್ಳು."