ನಾತ ಸತ್ತ ಗುಂಡಿ

ಆದಿಲಕ್ಷ್ಮಮ್ಮನಿಗೆ ಹೇಸಿಗೆ ಹೊಸದಲ್ಲ. ಹುಟ್ಟಿದಾಗಿನಿಂದ ಸಗಣಿ ಬಾಚಿ, ಎಮ್ಮೆ ಮೈ ತೊಳೆದು, ಕ್ಯಾಸಂಬಳ್ಳಿಯ ಡೈರಿಗೆ ಹಾಲು ಹಾಕಿದ ಹೆಂಗಸು. ಆದರೆ ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ಗುಡ್ಡದ ಬುಡದಿಂದ ಅವಳ ಹೊಲದ ಪಕ್ಕಕ್ಕೆ ಹರಿದು ಬರುತ್ತಿದ್ದ ಬೂದು ನೀರನ್ನು ಕಂಡರೆ ಮಾತ್ರ ಮುಖ ತಿರುಗಿಸಿ ಉಗಿಯುತ್ತಿದ್ದಳು. ಚಿನ್ನ ಯಾರ ಕೊರಳಿಗೋ ಹೋಯಿತು, ಅದನ್ನು ತೊಳೆದ ಕೊಳಕು ಇವಳ ಪಾಲಿಗೆ ಉಳಿಯಿತು. ಆ ನೀರಿನ ಕಾಲುವೆಗೆ ಬಾಯಿಟ್ಟು, ಹಾಲು ಕೊಡುತ್ತಿದ್ದ ಒಂದು ಎಮ್ಮೆ ಸತ್ತಿತ್ತು. ಉಳಿದದ್ದು ಇನ್ನೊಂದು ಎಮ್ಮೆ, ಅದರ ಕರು.

ತೊಂಬತ್ತಮೂರರ ಬೇಸಿಗೆಯಲ್ಲಿ ಬೆಂಗಳೂರಿನ ಕಾಲೇಜೊಂದರಿಂದ ಗಂಗರತ್ನಮ್ಮ ಎಂಬ ಮೇಡಂ ಬಂದರು. ಕಾಲುವೆ ಪಕ್ಕದಲ್ಲಿ ಗುಂಡಿ ತೋಡಿಸಿ, ಟಾರ್ಪಾಲು ಹಾಸಿ, ಅದೇ ಬೂದು ನೀರು ತುಂಬಿಸಿದರು. ಅದಕ್ಕೆ ಹುಲ್ಲು, ಬೆಲ್ಲ, ಸಗಣಿ. ಸಗಣಿ ಹಾಕುವ ಕೂಲಿ ಆದಿಲಕ್ಷ್ಮಮ್ಮನದು. ಕೆಲವೇ ದಿನದಲ್ಲಿ ಗುಂಡಿ ಕಪ್ಪಗಾಗಿ ಕೊಳೆತ ಮೊಟ್ಟೆಯ ನಾತ ಹೊಡೆಯತೊಡಗಿತು.

"ಥೂ! ಏನ್ ಮೇಡಂ ಇದು, ಕೊಳಕನ್ನ ಕೊಳಕಿಂದ ತೊಳೀತೀರಾ?"

"ಇದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ ಆದಿಲಕ್ಷ್ಮಮ್ಮ. ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಹಾಗೆ. ನೀರಿನ ಸೀಸ, ತಾಮ್ರ ಎಲ್ಲ ಹಿಡಿದು ತಳದ ಕೆಸರಿಗೆ ಇಳಿಸ್ತವೆ. ನಾತ ಬಂತು ಅಂದ್ರೆ ಅವು ಬದುಕಿವೆ ಅಂತ."

ಪರೀಕ್ಷೆಯಲ್ಲಿ ನೀರು ಪಾಸಾದರೆ ಕಾಲುವೆಯ ತಲೆಯಲ್ಲೇ ದೊಡ್ಡ ಗುಂಡಿ ಮಾಡಿಸುತ್ತೇವೆ, ಮುಂದೆ ದನಕರು ಹೆದರದೆ ಕುಡಿಯಬಹುದು ಎಂದರು ಮೇಡಂ. ಅಷ್ಟು ಸಾಕಾಯಿತು. ಅಂದಿನಿಂದ ಅವಳು ಸೆರಗಿನಿಂದ ಮೂಗು ಕಟ್ಟಿಕೊಂಡು ಬಂದು, ಮೊದಲು ಸೆರಗು ಸರಿಸಿ ಒಮ್ಮೆ ಮೂಸುತ್ತಿದ್ದಳು. ವಾಕರಿಕೆ ಬಂದರೆ ಸಮಾಧಾನ.

ಅಷ್ಟರಲ್ಲಿ ದೊಡ್ಡ ಸಾಹೇಬರು ಗುಂಡಿ ನೋಡಲು ಬರುತ್ತಾರೆಂಬ ಸುದ್ದಿ ಬಂತು. ನಮ್ಮಲ್ಲಿ ಸಾಹೇಬರು ಬಂದರೆ ರಸ್ತೆಯ ಎರಡೂ ಬದಿಗೆ ಬ್ಲೀಚಿಂಗ್ ಪುಡಿಯ ಗೆರೆ ಬೀಳಲೇಬೇಕು. ಮೇಲೆ ಥಳುಕು, ಒಳಗೆ ಹುಳುಕು. ಕೂಲಿಯವರ ಮೇಸ್ತ್ರಿ ಕೋದಂಡಪ್ಪ ಬೆಳಿಗ್ಗೆಯೇ ಗೆರೆ ಎಳೆದ. ಮೇಡಂ ಸಾಹೇಬರನ್ನು ಕರೆತರಲು ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿದ್ದರು. ಆದಿಲಕ್ಷ್ಮಮ್ಮ ಸಗಣಿ ಬುಟ್ಟಿ ಹೊತ್ತು ಬರುವ ಹೊತ್ತಿಗೆ ಮೇಸ್ತ್ರಿ ಉಳಿದ ಪುಡಿಯ ಚೀಲವನ್ನು ಗುಂಡಿಯೊಳಕ್ಕೆ ಕೊಡವುತ್ತಿದ್ದ.

"ಏನ್ಲಾ ಮಾಡ್ದೆ ಕೋದಂಡ!"

"ನಾತ ಓಡಿಸ್ದೆ ಕಣಕ್ಕ. ದೊಡ್ಡೋರು ಮೂಗು ಮುಚ್ಕೊಂಡ್ರೆ ಊರ್ ಮರ್ವಾದೆ ಓಗಲ್ವಾ?"

ಜೀಪು ಬಂತು. ಸಾಹೇಬರು ಕರವಸ್ತ್ರ ತೆಗೆದವರು, ಗಾಳಿ ಮೂಸಿ, ಮತ್ತೆ ಜೇಬಿಗಿಟ್ಟರು. "ವಾಸನೆಯೇ ಇಲ್ಲವಲ್ಲ, ಭೇಷ್!" ಎಂದರು. ಹಾರ ಬಿತ್ತು, ಎಳನೀರು ಬಂತು. ಗುಂಡಿಯ ಕಡೆಗೆ ಯಾರೂ ಬಗ್ಗಿ ನೋಡಲಿಲ್ಲ. ಮೇಡಂ ಮಾತ್ರ ಗುಂಡಿಯಂಚಿನ ಖಾಲಿ ಪುಡಿ ಚೀಲ ಎತ್ತಿ ನೋಡಿದರು. ಹಲ್ಲು ಕಿಸಿಯುತ್ತಿದ್ದ ಅಷ್ಟೂ ಮುಖಗಳನ್ನು ನೋಡಿ ಆದಿಲಕ್ಷ್ಮಮ್ಮನಿಗೆ ಆ ಕರಿ ಕೆಸರಿನ ಮೇಲೂ ಬಾರದಷ್ಟು ಅಸಹ್ಯ ಬಂತು.

ಅವಳು ಮತ್ತೆ ಸಗಣಿ ಸುರಿದಳು, ಬೆಲ್ಲ ಹಾಕಿದಳು, ದಿನಾ ಮೂಸಿದಳು. ಪರೀಕ್ಷೆಗೆ ನೀರು ತುಂಬಿಕೊಳ್ಳುವ ದಿನದವರೆಗೂ ನಾತ ಬರಲೇ ಇಲ್ಲ. ನೀರು ಫೇಲಾಯಿತು. ಈ ನೀರಿಗೆ ಈ ವಿಧಾನ ಒಗ್ಗುವುದಿಲ್ಲ ಎಂದು ಮೇಲಿನವರು ತೀರ್ಮಾನಿಸಿದರು. ಪುಡಿಯ ವಿಷಯ ಮೇಡಂ ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಮೇಡಂ ಬೆಂಗಳೂರಿಗೆ ಹೊರಟುಹೋದರು. ಟಾರ್ಪಾಲು ಕೋದಂಡಪ್ಪನ ದನದ ಕೊಟ್ಟಿಗೆಯ ಮೇಲೇರಿತು.

ಒಂದು ಮಧ್ಯಾಹ್ನ ಅವನು ಬಿಸಿಲಲ್ಲಿ ಬಂದು ಅವಳ ಜಗಲಿಯ ಮೇಲೆ ಕೂತ. "ಅಕ್ಕ, ಒಂದ್ ಚೆಂಬು ಮಜ್ಜಿಗೆ ಕೊಡು."

"ಗುಂಡಿಯ ಎಪ್ಪು ಸಾಯ್ಸಿದೋನಿಗೆ ಮಜ್ಜಿಗೆ ಯಾಕ್ಲಾ? ಕಾಲ್ವೆ ನೀರೈತೆ, ನಾತ ಇಲ್ಲ. ಓಗಿ ಕುಡಿ."

ಅವನು ನಕ್ಕ, ತಮಾಷೆ ಎಂದುಕೊಂಡ. ಅವಳು ನಗಲಿಲ್ಲ. ಅಷ್ಟರಲ್ಲಿ ಕರು ಹಗ್ಗ ಬಿಚ್ಚಿಕೊಂಡು ಕಾಲುವೆ ಕಡೆಗೆ ಓಡಿತು. ಅವಳು ಎದ್ದು, ಬೈಯುತ್ತ, ಅದರ ಹಿಂದೆ ಓಡಿದಳು.