ಸೀದ ಬಟ್ಟೆಯ ವಾಸನೆ

ಶಕುನ ಫಲಿಸಿತು, ಕನಸು ನಿಜವಾಯಿತು ಎಂಬಂಥ ಸುದ್ದಿ ನಮ್ಮ ಪತ್ರಿಕೆಯ ಡೆಸ್ಕಿಗೆ ಬಂದರೆ ನಾನು ಎರಡನೇ ಸಾಲಿನವರೆಗೂ ಓದುತ್ತಿರಲಿಲ್ಲ. ಕಂಡವರು ಯಾರು, ಬೇರೆ ಯಾರು ಕಂಡರು, ಲಾಭ ಯಾರಿಗೆ ಎಂದು ಕೇಳುವುದು ನಮ್ಮ ಕೆಲಸ. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಬರೆದು ತಂದಿದ್ದರೆ ವಾಪಸು ಕಳಿಸುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆ, ಕೀಮೋ ಮುಗಿದು, ರೇಡಿಯೇಷನ್‌ಗೆಂದು ಹಲಸೂರಿನ ಮನೆಯಿಂದ ದಿನಾ ಬೆಳಿಗ್ಗೆ ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಗೆ ಹೋಗುತ್ತಿದ್ದೆ. ಪ್ರತಿದಿನ ಅದೇ ಹೊತ್ತಿಗೆ ಅದೇ ಹೆಂಗಸರು. ಎದೆಯ ಮೇಲೆ ಬರೆದ ಶಾಯಿಯ ಗುರುತು ಅಳಿಯಬಾರದೆಂದು ಎಲ್ಲರೂ ಅರ್ಧ ಸ್ನಾನ ಮಾಡಿ ಬಂದು, ಹಸಿರು ಗೌನ್ ತೊಟ್ಟು ಸಾಲಾಗಿ ಕೂರುತ್ತಿದ್ದೆವು. ಮಾತು ಎಲ್ಲಿಂದ ಶುರುವಾದರೂ ಯಾರ ಚರ್ಮ ಸುಡುತ್ತದೆ ಎಂಬಲ್ಲಿಗೇ ಬರುತ್ತಿತ್ತು. ಕೆಲವರಿಗೆ ಬರೀ ಕೆಂಪಾಗುತ್ತದೆ. ಕೆಲವರಿಗೆ ಎರಡು ಮೂರು ವಾರ ಕಳೆದ ಮೇಲೆ ಕಂಕುಳಲ್ಲಿ ಸಿಪ್ಪೆ ಎದ್ದು ಹಸಿಯಾಗುತ್ತದೆ. ತೂಕ, ಸಕ್ಕರೆ ಕಾಯಿಲೆ, ಬೀಳುವ ಕಿರಣದ ಪ್ರಮಾಣ ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟು ಡಾಕ್ಟರು ಮೊದಲೇ ಒಂದು ಅಂದಾಜು ಹೇಳುತ್ತಿದ್ದರು. ಅದರಲ್ಲಿ ನನಗೆ ನಂಬಿಕೆ ಇತ್ತು.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ಕೊರೊನಾ ಬಂದು ಹೋದ ಮೇಲೆ ನನ್ನ ಮೂಗು ಸತ್ತಂತೆಯೇ ಆಗಿತ್ತು. ಒಲೆಯ ಮೇಲೆ ಹಾಲು ಸೀದು ಪಾತ್ರೆ ಕಪ್ಪಾದರೂ ನನಗೆ ತಿಳಿಯುತ್ತಿರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ, ಪಕ್ಕದಲ್ಲಿ ಕುಳಿತಿದ್ದ ಹೆಂಗಸಿನಿಂದ ಸೀದ ಬಟ್ಟೆಯ ವಾಸನೆ ಬಂತು. ಹತ್ತಿಯ ಸೀರೆಯ ಮೇಲೆ ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ಹೆಚ್ಚು ನಿಂತರೆ ಬರುತ್ತದಲ್ಲ, ಅದು. ಗೌನ್ ಸುಟ್ಟಿರಬೇಕು ಎಂದುಕೊಂಡು ಆಯಾ ಸೆಲ್ವಿಯನ್ನು ಕೇಳಿದೆ.

"ಇದಕ್ಕೆ ಇಸ್ತ್ರೀನಾ? ಬರೀ ಮಿಷನ್ ವಾಷ್ ಅಕ್ಕಾ. ಇದು ಹಾಕ್ಕೊಂಡು ಕಲ್ಯಾಣಕ್ಕೆ ಹೋಗ್ತೀರಾ ಏನು?" ಎಂದು ಅವಳು ನಕ್ಕಳು.

ಮರುದಿನ ಆ ಹೆಂಗಸಿನ ಗೌನ್ ಬೇರೆ, ಕುರ್ಚಿ ಬೇರೆ. ವಾಸನೆ ಮಾತ್ರ ಅದೇ. ಕೆಲವು ದಿನಗಳಲ್ಲಿ ಅವರ ಕಂಕುಳು ಸುಲಿದುಹೋಯಿತು. ಆಮೇಲೆ ಇನ್ನೊಬ್ಬರಿಗೂ ಹೀಗೇ ಆಯಿತು. ಮೈಕಟ್ಟು, ಬಣ್ಣ ನೋಡಿ ನನ್ನ ಮನಸ್ಸೇ ಊಹಿಸಿ ಮೂಗಿನ ಮೇಲೆ ಹೊರಿಸುತ್ತಿದೆಯೇ ಎಂಬ ಅನುಮಾನ ಬಂತು. ಆಗಿಹೋದ ಮೇಲೆ ಮೊದಲೇ ಗೊತ್ತಿತ್ತು ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದಕ್ಕೇ ಮೂರನೆಯವರ ಬಳಿ ವಾಸನೆ ಬಂದಾಗ ಸೆಲ್ವಿಗೆ ಮೊದಲೇ ಹೇಳಿಟ್ಟೆ. ಅದೂ ನಿಜವಾದ ದಿನ ಅವಳು ಎರಡು ಹೆಜ್ಜೆ ಹಿಂದೆ ಸರಿದು, "ಅಕ್ಕಾ, ನೀವು ಪೇಪರ್‌ನೋರಾ, ಇಲ್ಲಾ ಮಾರಿಯಮ್ಮನ ಕಡೆಯೋರಾ?" ಎಂದಳು.

ಅದೇ ವಾರ ಶರಣಮ್ಮ ಬಂದಳು. ಯಾದಗಿರಿ ಕಡೆಯವಳು, ಇಂದಿರಾನಗರದ ಒಂದು ಆಫೀಸಿನ ಅಡುಗೆಮನೆಯಲ್ಲಿ ಕೆಲಸ. ಬಂದ ದಿನವೇ ಪಕ್ಕದಲ್ಲಿ ಕೂತು ತನ್ನ ಭಯ ಹೇಳಿಕೊಂಡಳು: "ಕಂಪ್ಯೂಟರ್‌ನ್ಯಾಗ ನಂದು ಚಲೋ ಬಂದೈತ್ರಿ ಯಕ್ಕಾ, ಸುಡಂಗಿಲ್ಲಂತ. ಸುಟ್ರ ಮುಗೀತ್ರಿ. ಮಿಷೀನ್ ಕೆಟ್ಟೈತಿ ಅಂತ ನನ್ ಗಂಡ ಅವತ್ತೇ ಊರಿಗೆ ಎಳ್ಕೊಂಡ್ ಹೋಗ್ತಾನ."

ಅವಳು ಮಾತಾಡುತ್ತಿದ್ದಂತೆ ವಾಸನೆ ಬಂತು. ಹಿಂದೆಂದೂ ಅಷ್ಟು ಗಾಢವಾಗಿ ಬಂದಿರಲಿಲ್ಲ.

ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. ಕೀಮೋ ಆದವರಿಗೆ ಇಲ್ಲದ ವಾಸನೆ ಬರುವುದುಂಟು ಎಂದರು. ಹಾಗಾದರೆ ಎಲ್ಲರ ಬಳಿಯೂ ಬರಬೇಕಲ್ಲ ಎಂದೆ. ಅವರು ಫೈಲನ್ನು ಇನ್ನೊಮ್ಮೆ ನೋಡಿದರು. ಶರಣಮ್ಮನ ಅಂದಾಜನ್ನು ಬದಲಿಸಲಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಕಾಯಿಲೆ ಮರಳುವ ಭಯವಿದೆ ಎಂಬುದು ಮಾತ್ರ ನಮ್ಮಿಬ್ಬರಿಗೂ ಗೊತ್ತಿತ್ತು.

ಭಾನುವಾರ ಟಿನ್ ಫ್ಯಾಕ್ಟರಿ ಹತ್ತಿರದ ಅವರ ಬಾಡಿಗೆ ಕೋಣೆಗೆ ಹೋದೆ. ಗಂಡ ಮಲ್ಲಪ್ಪ ಕಟ್ಟಡಗಳಿಗೆ ಬಣ್ಣ ಹೊಡೆಯುವವನು. ಕಂಕುಳು ಸುಡಬಹುದು, ಅದು ಮಿಷನ್ನಿನ ತಪ್ಪಲ್ಲ, ಆಮೇಲೆ ವಾಸಿಯಾಗುತ್ತದೆ, ಮಧ್ಯದಲ್ಲಿ ಬಿಡಿಸಬೇಡಿ ಎಂದು ತಿಳಿಸಿ ಹೇಳಿದೆ.

"ಕಂಪ್ಯೂಟರ್ ಆಗಂಗಿಲ್ಲ ಅಂತೈತಿ, ನೀವು ಆಗ್ತೈತಿ ಅಂತೀರಿ. ಮುಲಾಮು ಮಾರ್ತೀರೇನ್ರಿ?"

"ಏ, ಸುಮ್ನಿರು! ಪೇಪರ್‌ನ್ಯಾಗ ಬರಿಯೋರು ಅವ್ರು," ಎಂದಳು ಶರಣಮ್ಮ.

"ಅದಕ್ಕ ಕೇಳ್ದೆ," ಎಂದ.

ನನಗೆ ಹೇಗೆ ಗೊತ್ತು ಎಂದು ಮತ್ತೆ ಮತ್ತೆ ಕೇಳಿದ. ಅನುಭವ ಎಂದು ಹೇಳಿ ಎದ್ದುಬಂದೆ.

ಶರಣಮ್ಮನ ಚರ್ಮ ಸುಟ್ಟಿತು. ನಮ್ಮ ಗುಂಪಿನಲ್ಲಿ ಯಾರಿಗೂ ಅಷ್ಟು ಆಗಿರಲಿಲ್ಲ. ಕೈ ಕೆಳಗಿಳಿಸಲಾಗದೆ ಸೊಂಟದ ಮೇಲಿಟ್ಟುಕೊಂಡು ಬರುತ್ತಿದ್ದಳು. ಮಲ್ಲಪ್ಪ ಕೆಲಸ ಬಿಟ್ಟು ಜೊತೆಗೆ ಬರತೊಡಗಿದ, ನನ್ನಿಂದ ದೂರದ ಕುರ್ಚಿಯಲ್ಲಿ ಕೂರುತ್ತಿದ್ದ. ಆದರೆ ಬಿಡಿಸಲಿಲ್ಲ. ಅವಳ ಚಿಕಿತ್ಸೆ ಪೂರ್ತಿಯಾಯಿತು, ಗಾಯ ಮಾಗಿತು.

ಆಮೇಲೆ ಶರಣಮ್ಮನೂ ನಾನೂ ತಪಾಸಣೆಗೆ ಹೋಗಿದ್ದ ಒಂದು ದಿನ ಮಲ್ಲಪ್ಪ ಆಸ್ಪತ್ರೆಯ ಗೇಟಿನ ಬಳಿ ನನಗಾಗಿ ಕಾದಿದ್ದ. ಧನ್ಯವಾದ ಹೇಳಲು ಎಂದುಕೊಂಡೆ.

"ನಿಮ್ ಮಾತಿಗೆ ಆಕಿ ಪೂರಾ ಮಾಡಿದ್ಲು, ಖರೇ," ಎಂದ. "ಆದ್ರ ಒಂದ್ ಹೇಳ್ರಿ. ಸುಡೋದಿತ್ತಂತ ನೀವು ಹೇಳಿದ್ರೋ, ನೀವು ಹೇಳಿದ್ದಕ್ಕ ಸುಟ್ಟಿತೋ?"

ಶರಣಮ್ಮ ಅವನ ತೋಳು ಎಳೆದಳು. ಅವನು ಕದಲಲಿಲ್ಲ. ಗಾಯದ ಜಾಗಕ್ಕೆ ಬಿಸಿಲು ತಾಗಿಸಬೇಡಿ ಎಂದಷ್ಟೇ ಹೇಳಿ ನಾನು ಆಟೋ ಹತ್ತಿದೆ.

ಆಮೇಲೆ ನನಗೆ ಯಾವ ವಾಸನೆಯೂ ಬಂದಿಲ್ಲ. ರೇಡಿಯೇಷನ್‌ಗೆ ಹೋಗುವವರ ಪಕ್ಕ ನಾನು ಮತ್ತೆ ಕೂತೂ ಇಲ್ಲ. ಪರಿಚಯದವರು ಯಾರಾದರೂ ರೇಡಿಯೇಷನ್ ಶುರುವಾಗುತ್ತಿದೆ, ಸ್ವಲ್ಪ ಧೈರ್ಯ ಹೇಳಿ ಎಂದರೆ ಗೊತ್ತಿರುವುದನ್ನೆಲ್ಲ ಫೋನಿನಲ್ಲೇ ಹೇಳುತ್ತೇನೆ. ಮನೆಗೆ ಬರಲೇ ಎಂದರೆ ಏನಾದರೊಂದು ನೆಪ ಹುಡುಕುತ್ತೇನೆ.